ಹೆಸರು ಕೇಳದ ಪಿ.ಪಿ. ಮೇಡಂ

ವಾದಕ್ಕೆ ಎದ್ದು ನಿಲ್ಲುವ ಮೊದಲು ಅವರು ಚಪ್ಪಲಿಯನ್ನು ಮೇಜಿನ ಕೆಳಗೆ ಬಿಡುತ್ತಿದ್ದರು. ಮೇಲೆ ಕರಿ ಕೋಟು, ಇಸ್ತ್ರಿ ಮಾಡಿದ ಬಿಳಿ ಬ್ಯಾಂಡು. ಕೆಳಗೆ ನೋಡಿದರೆ ಹಿಮ್ಮಡಿ ಒಡೆದ ಬರಿಗಾಲು. ಎದುರು ಕಡೆಯ ವಕೀಲರೊಬ್ಬರು ಅದನ್ನು ಕಂಡು ನಕ್ಕಾಗ, "ಹೆಮ್ಮರಗಾಲದ ಹೊಲದಲ್ಲಿ ಬೆಳೆದ ಕಾಲು ಸ್ವಾಮಿ, ನೆಲ ತಾಕದಿದ್ರೆ ನಂಗೆ ಮಾತೇ ಹೊರಡಲ್ಲ" ಅಂದಿದ್ದರು. ಅವರು ಸರ್ಕಾರಿ ವಕೀಲರು, ಪಬ್ಲಿಕ್ ಪ್ರಾಸಿಕ್ಯೂಟರ್. ಎಲ್ಲರ ಬಾಯಲ್ಲೂ ಪಿ.ಪಿ. ಮೇಡಂ. ನಾನು ತಿ. ನರಸೀಪುರದ ಕಡೆಯ ಒಬ್ಬ ಪೊಲೀಸ್ ಪೇದೆ. ನನ್ನ ಕೇಸು ಅವರ ಪಾಲಿಗೆ ಬಂದದ್ದು ನನ್ನ ಪುಣ್ಯ, ಅವರ ಗ್ರಹಚಾರ.

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ, ಕಬಿನಿ ದಡದಿಂದ ಕದ್ದ ಮರಳು ಹೊತ್ತು ಬಂದ ಲಾರಿಗೆ ಕೈ ಅಡ್ಡ ಹಿಡಿದೆ. ಲಾರಿ ನಿಂತಿತು. ಆಮೇಲೆ ಬೇಕೆಂದೇ ಮುಂದಕ್ಕೆ ನುಗ್ಗಿ ನನ್ನ ಎಡಗಾಲಿನ ಮೇಲೆ ಹತ್ತಿತು. ಓಡಿಸುತ್ತಿದ್ದವನು ಆಳುವ ಪಕ್ಷದ ಮುಖಂಡನೊಬ್ಬನ ಬಾಮೈದ. ಆಸ್ಪತ್ರೆಯಲ್ಲಿ ನನಗೆ ಪ್ರಜ್ಞೆ ಬರುವಷ್ಟರಲ್ಲಿ ಊರಲ್ಲೆಲ್ಲ ಸುದ್ದಿ ಹಬ್ಬಿಸಿದ್ದರು: ಪೇದೆ ಕುಡಿದು ತಾನೇ ಲಾರಿ ಕೆಳಗೆ ಬಿದ್ದ. ಥೂ! ಒಂದು ಹನಿ ಮುಟ್ಟಿದವನಲ್ಲ ನಾನು. ಕಾಲು ಮತ್ತೆ ಮಡಿಸಲಾಗದಂತೆ ಸೆಟೆದದ್ದನ್ನು ಹೇಗೋ ತಡೆದುಕೊಂಡೆ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಶಾಲೆಯಲ್ಲಿ ಮಗಳನ್ನು ಕುಡುಕನ ಮಗಳು ಅಂದರು. ಜೊತೆಯಲ್ಲಿ ಡ್ಯೂಟಿ ಮಾಡಿದವರೇ ನನ್ನನ್ನು ಕಂಡರೆ ಆಚೆ ತಿರುಗುತ್ತಿದ್ದರು. ಆ ದಿನಗಳಲ್ಲಿ ಸೇತುವೆಯ ಮೇಲೆ ನಿಂತು ಸುಮ್ಮನೆ ಕೆಳಗಿನ ನೀರು ನೋಡುತ್ತಿದ್ದೆ.

ಮೊದಲ ಸಲ ಆಫೀಸಿಗೆ ಹೋದಾಗಲೇ ಮೇಡಂ, "ಏನ್ರೀ ಪೊಲೀಸಪ್ಪಾ, ಅಳೋದಿದ್ರೆ ಇಲ್ಲೇ ಅತ್ತುಬಿಡಿ. ಕಟಕಟೇಲಿ ಅತ್ರೆ ಇನ್ನೂ ಅಮಲು ಇಳಿದಿಲ್ಲ ಅಂತಾರೆ" ಎಂದರು. ಆಮೇಲೆ ಎದುರು ವಕೀಲರ ವೇಷ ಹಾಕಿದರು ನೋಡಿ! ಯಾವ ಅಂಗಡಿ, ಎಷ್ಟು ಕುಡಿದೆ, ಯಾರು ಕುಡಿಸಿದರು ಅಂತ ಏಕವಚನದಲ್ಲೇ ಜಾಡಿಸಿದರು. ನಾನು ರೇಗಿ ಮೇಜು ಗುದ್ದಿದೆ. ಅವರು ತಣ್ಣಗೆ ತಮ್ಮ ಬಾಟಲಿಯಿಂದ ಮಜ್ಜಿಗೆ ಬಗ್ಗಿಸಿ ಕೊಟ್ಟರು. "ಕುಡೀರಿ. ಅಲ್ಲಿ ಹಿಂಗೆ ಗುದ್ದಿದ್ರೆ ಕೇಸು ಹೋಯ್ತು. ಮತ್ತೆ ಶುರು ಮಾಡೋಣ." ಯಾವ ಸಾಕ್ಷಿಯನ್ನೂ ಅವರು ಹೀಗೆ ಬೈಗುಳದಲ್ಲಿ ಅದ್ದಿ ತೆಗೆಯದೆ ಕೋರ್ಟಿಗೆ ಹತ್ತಿಸುತ್ತಿರಲಿಲ್ಲ.

ವಿಚಾರಣೆ ನಡೆಯುತ್ತಿರುವಾಗಲೇ ಕೇಸು ಹಿಂಪಡೆಯಿರಿ ಎಂದು ಮೇಲಿನಿಂದ ಆದೇಶ ಬಂತು. ಆದರೆ ಮೇಲಿನವರು ಏನೇ ಹೇಳಲಿ, ಸರ್ಕಾರಿ ವಕೀಲರು ತಾವೇ ಯೋಚಿಸಿ, ಒಪ್ಪಿ, ಅರ್ಜಿಗೆ ಸಹಿ ಹಾಕಬೇಕು. ಕಾನೂನು ಇರುವುದೇ ಹಾಗೆ. ಕ್ಯಾಂಟೀನಿನಲ್ಲಿ ಹಿರಿಯ ವಕೀಲರೊಬ್ಬರು ಪೇಪರು ತೋರಿಸಿ, "ನೋಡಿ ಮೇಡಂ, ಅಮೆರಿಕದಲ್ಲೇ ಅಧಿಕಾರದಲ್ಲಿರೋರು ಹೇಳಿದಂಗೆ ಕೇಳದ ಪ್ರಾಸಿಕ್ಯೂಟರ್‌ಗಳನ್ನ ಮನೆಗೆ ಕಳಿಸ್ತಿದ್ದಾರೆ. ನಮ್ಮದೇನು ಮಹಾ? ಒಂದು ಸಹಿ ತಾನೆ" ಎಂದರು. ಮೇಡಂ ಇಡ್ಲಿ ಮುರಿಯುತ್ತಾ, "ಕೇಳದೆ ಇರೋರು ಅಲ್ಲೂ ಇದ್ದಾರೆ ಅಂತಾಯ್ತಲ್ಲ ಸಾರ್. ನಾನೊಬ್ಬಳೇ ಹುಚ್ಚಿ ಅಂದ್ಕೊಂಡಿದ್ದೆ" ಎಂದರು. ತಿಂದಾದ ಮೇಲೆ ಚೀಲದಿಂದ ಒಂದು ಮಾತ್ರೆ ತೆಗೆದು ನುಂಗಿದರು. ಅವರಿಗೆ ಬಿ.ಪಿ. ಇತ್ತು.

ತಮ್ಮನ್ನು ಎತ್ತಂಗಡಿ ಮಾಡುವ ಮೊದಲು ಕಣ್ಣಾರೆ ಕಂಡ ಒಬ್ಬನೇ ಸಾಕ್ಷಿಯನ್ನು ಕಟಕಟೆ ಹತ್ತಿಸಬೇಕು ಎಂದು ಅವರು ಹಠ ಹಿಡಿದರು. ಅವನು ಸಂಗಮದಲ್ಲಿ ಹರಿಗೋಲು ಹಾಕುವ ಮುದುಕ. ಬಂದವನೇ ಮೇಡಂ ಆಫೀಸಿನ ಬಾಗಿಲಲ್ಲೇ ಕುಕ್ಕರಿಸಿದ. "ನಂಗಾಗಕಿಲ್ಲ ಕನವ್ವಾ. ಕರ್ಪೂರ ಹಚ್ಚಿ ಮಾದಪ್ಪನ ಮ್ಯಾಲೆ ಆಣೆ ಮಾಡ್ಸ್‌ಬುಟ್ಟವ್ರೆ. ತಪ್ಪುದ್ರೆ ನನ್ ವಂಸ ಉಳಿಯಕಿಲ್ಲ."

ನಮ್ಮ ಸೀಮೆಯಲ್ಲಿ ಮಾದಪ್ಪನ ಆಣೆ ಅಂದರೆ ಅಲ್ಲಿಗೆ ಮುಗಿಯಿತು. ಮೇಡಂ ನಗಲಿಲ್ಲ, ಗದರಲಿಲ್ಲ. ಎದ್ದು ಬಂದು ಅವನೆದುರು ನೆಲದ ಮೇಲೆ ಕೂತರು.

"ಆಣೆ ಮುರಿ ಅಂತ ನಾನು ಹೇಳಲ್ಲ ಅಣ್ಣಾ. ಏನಂತ ಆಣೆ ಮಾಡ್ದೆ, ಅದೇ ಮಾತು ಹೇಳು."

"ಅವ್ನ ಎಸ್ರ ಬಾಯಲ್ಲಿ ಎತ್ತಕಿಲ್ಲ ಅಂತ."

"ಅಷ್ಟೇನಾ? ಹೆಸರು ನಾನು ಕೇಳೋದೇ ಇಲ್ಲ. ಕಂಡಿದ್ದು ಹೇಳು. ಯಾರು ಅಂದಾಗ ಕೈ ತೋರ್ಸು. ಮಾದಪ್ಪನಿಗೆ ಕೊಟ್ಟ ಮಾತು ನಡೆಸ್ಕೊಂಡೇ ಹೋಗು."

ಮುದುಕ ನನ್ನ ಕಾಲು ನೋಡಿ, "ಆಯ್ತು ಕನವ್ವಾ" ಅಂದ.

ಅಂದು ಕೋರ್ಟು ಕಿಕ್ಕಿರಿದಿತ್ತು. ಮುಖಂಡನೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಮುದುಕ ಹೇಳಿದ: "ಪೊಲೀಸಪ್ಪ ನೆಟ್ಟಗೆ ನಿಂತ್ಕಂಡು ಕೈ ಅಡ್ಡ ಇಟ್ಟಿದ್ರು. ಲಾರಿ ನಿಲ್ಸಿ, ಮಕ ನೋಡಿ, ಮ್ಯಾಕೆ ಅತ್ತಿಸ್ದ." ಯಾರು ಎಂದು ಮೇಡಂ ಕೇಳಿದಾಗ ಅವನ ಬೆರಳು ಆರೋಪಿಯ ಕಡೆ ಹೋಯಿತು.

ಎದುರು ವಕೀಲರು ಸುಮ್ಮನೆ ಕೂತಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಹೆಸರು ಯಾಕೆ ಹೇಳುತ್ತಿಲ್ಲ ಎಂದು ಅಬ್ಬರಿಸಿದರು.

"ಆಣೆ ಮಾಡ್ಸವ್ರೆ ಸ್ವಾಮಿ."

"ಸುಳ್ಳು! ಯಾರಯ್ಯಾ ಮಾಡಿಸಿದ್ದು?"

ಮುದುಕ ಈಗಲೂ ಹೆಸರೆತ್ತಲಿಲ್ಲ. ನಿಧಾನಕ್ಕೆ ಕೈಯೆತ್ತಿ ಹಿಂದಿನ ಬೆಂಚು ತೋರಿಸಿದ. ಕೂತವರೆಲ್ಲ ತಿರುಗಿ ಮುಖಂಡನನ್ನು ನೋಡಿದರು. ಸಂಜೆಯ ಹೊತ್ತಿಗೆ ಸಂತೆಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಅದೇ ಮಾತು. ಅಂದಿನಿಂದ ನನ್ನನ್ನು ಕುಡುಕ ಅಂದವರಿಲ್ಲ.

ಅದೇ ವಾರ ಮೇಡಂ ಅವರನ್ನು ಬೀದರಿಗೆ ಎತ್ತಿಹಾಕಿದರು. ಹೊಸಬರು ಬಂದು ಸಹಿ ಹಾಕಿದರು, ಕೋರ್ಟು ಒಪ್ಪಿತು, ಕೇಸು ವಾಪಸಾಯಿತು, ಕೋರ್ಟಿನ ಗೇಟಿನಲ್ಲೇ ಆ ಬಾಮೈದನಿಗೆ ಹಾರ ಹಾಕಿ ಪಟಾಕಿ ಹೊಡೆದರು. ಫೋನು ಮಾಡಿದರೆ ಮೇಡಂ, "ಸೋತ್ವಿ ಕಣ್ರೀ ಪೊಲೀಸಪ್ಪಾ. ಸುಳ್ಳು ಸಮಾಧಾನ ಹೇಳಲ್ಲ. ಮಗಳನ್ನ ಚೆನ್ನಾಗಿ ಓದಿಸಿ" ಎಂದಷ್ಟೇ ಹೇಳಿದರು. ಅಲ್ಲಿ ಕೋಣೆ ಮಾಡಿಕೊಂಡು ಒಬ್ಬರೇ ಇದ್ದರು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕೋರ್ಟಿನಲ್ಲೇ ಕುಸಿದವರು ಮತ್ತೆ ಏಳಲಿಲ್ಲ.

ಹೆಮ್ಮರಗಾಲದ ಅವರ ಹೊಲದಲ್ಲೇ ಮಣ್ಣು ಮಾಡಿದರು. ಹಣೆಯ ತುಂಬ ವಿಭೂತಿ ಬಳಿದಿದ್ದರು. ಕ್ಯಾಂಟೀನಿನಲ್ಲಿ ಪೇಪರು ತೋರಿಸಿದ್ದ ಆ ಹಿರಿಯ ವಕೀಲರು ನನ್ನ ಪಕ್ಕದಲ್ಲೇ ನಿಂತು ಕಣ್ಣೊರೆಸಿಕೊಂಡರು. "ಪಾಪ, ಆವತ್ತು ಒಂದು ಸಹಿ ಹಾಕಿದ್ದಿದ್ರೆ ಇವತ್ತು ಇರ್ತಿದ್ರು" ಎಂದರು.

"ಹಾಕಿದ್ದಿದ್ರೆ ನಾನಿರ್ತಿರಲಿಲ್ಲ ಸಾ" ಎಂದೆ.

ನನ್ನ ಸರದಿ ಬಂತು. ಮಡಿಸಲಾಗದ ಕಾಲನ್ನು ಚಾಚಿ ನೆಲದ ಮೇಲೆ ಕೂತು, ಒಂದು ಹಿಡಿ ಮಣ್ಣು ಹಾಕಿದೆ.