ಮಸುಕು ಗೆರೆಯ ಸೋದರತ್ತೆ

ವಡೋದರದ ಅಲ್ಕಾಪುರಿಯಲ್ಲಿ, ಮೂರನೇ ಮಹಡಿಯ ನಮ್ಮ ಆಫೀಸಿನಲ್ಲಿ ನಾನು ಅಂಕಿಅಂಶದ ಪಂಡಿತೆ. ಕಂಪನಿ ಮಾಡುತ್ತಿದ್ದುದು ಕ್ಷಯ ಪತ್ತೆಯ ಕಿಟ್. ಎರಡು ಗೆರೆ ಬಂದರೆ ರೋಗ ಇದೆ, ಒಂದೇ ಬಂದರೆ ಇಲ್ಲ. ಎರಡನೆಯದು ಮಸುಕಾಗಿ ಮೂಡಿತೋ, ದೇವರಿಗೂ ತಿಳಿಯದು. ಅಂಥ ಗೆರೆ ಬಂದವರನ್ನು ಫಲಿತಾಂಶದ ಟೇಬಲಿನಲ್ಲಿ ಎಲ್ಲಿ ಕೂರಿಸಲಿ ಎಂದು ಸಾಹೇಬರನ್ನು ಕೇಳಿದೆ.

"ಖಾಲಿ ಛೋಡ್ ದೋ, ಬೆನ್," ಎಂದರು. ಇಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ.

ಖಾಲಿ ಬಿಟ್ಟೆ. ನಮ್ಮ ಸಾಫ್ಟ್‌ವೇರ್ ಬಹಳ ಮರ್ಯಾದಸ್ಥ. ಫಲಿತಾಂಶ ಖಾಲಿಯಿರುವ ಸಾಲು ಕಂಡರೆ ತುಟಿಪಿಟಕ್ಕೆನ್ನದೆ ದಾಟಿಕೊಂಡು ಹೋಗುತ್ತದೆ. ಮಸುಕು ಗೆರೆಯವರೆಲ್ಲ ಲೆಕ್ಕದಿಂದ ಹೊರಬಿದ್ದ ಮೇಲೆ ಕಿಟ್ ತಪ್ಪುವುದೇ ಅಪರೂಪವಾಯಿತು. ಕಷ್ಟದ ಪ್ರಶ್ನೆಗಳನ್ನು ಹರಿದುಹಾಕಿ ಪರೀಕ್ಷೆ ಪಾಸಾದ ಹಾಗೆ. ಸಾಹೇಬರು ಇಡೀ ಆಫೀಸಿಗೆ ಫಾಫ್ಡಾ, ಜಲೇಬಿ ತರಿಸಿದರು. ನಾನೂ ನಾಚಿಕೆಯಿಲ್ಲದೆ ಎರಡು ಸಲ ಹಾಕಿಸಿಕೊಂಡೆ.

ಆಮೇಲೆ ನನಗೆ ಕೆಮ್ಮು ಹತ್ತಿತು. ಮೂರು ವಾರವಾದರೂ ಬಿಡಲಿಲ್ಲ. ಅದೇ ಹೊತ್ತಿಗೆ ಸೂರತ್ತಿನ ಹಜೀರಾ ಕಾಲೊನಿಯಲ್ಲಿರುವ ತಮ್ಮನಿಗೆ ಮಗಳು ಹುಟ್ಟಿದಳು. ನಮ್ಮ ಧಾರವಾಡದ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹೇಳುತ್ತಿದ್ದ ಹಾಗೇ ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಇರುವವನು ಒಬ್ಬನೇ ತಮ್ಮ. ಆ ಗುದ್ದಿಗಾಗಿ ವರ್ಷಗಟ್ಟಲೆ ಕಾದಿದ್ದೆ. ಆದರೆ ಈ ಕೆಮ್ಮು ಹೊತ್ತು ಹದಿಮೂರು ದಿನದ ಕೂಸಿನ ಕಿವಿಗೆ ಬಾಯಿ ಇಡುವುದು ಹೇಗೆ?

"ಅಕ್ಕಾ, ಟೆಸ್ಟ್ ಮಾಡಿಸ್ಕೊಂಡ ಬಂದಬಿಡು. ನಿಮ್ಮದ ಕಿಟ್ ಐತೆಲ್ಲಾ," ಎಂದ ತಮ್ಮ.

ಮಾಡಿಸಿದೆ. ಒಂದು ಗೆರೆ ಠಾಕುಠೀಕಾಗಿ ಬಂತು. ಇನ್ನೊಂದು, ಬಂದೂ ಬಾರದ ಹಾಗೆ. ಮಾಡಿದ್ದುಣ್ಣೋ ಮಹಾರಾಯ!

ಸಂಜೆ ತಮ್ಮನ ಫೋನು. "ಏನಾತಕ್ಕಾ? ಐತೋ, ಇಲ್ಲೋ?"

"ಗೊತ್ತಾಗವಲ್ದೋ."

"ಗೊತ್ತಾಗವಲ್ದು ಅಂದ್ರ? ನಿಮ್ಮ ಕಿಟ್ ತಪ್ಪೂದ ಇಲ್ಲ ಅಂತ ನೀನ ಹೇಳಿದ್ದೆಲ್ಲಾ?"

ಹೇಳಿದ್ದೆ, ಬಾಯಿತುಂಬ ಜಲೇಬಿ ಇಟ್ಟುಕೊಂಡು. ಮರುದಿನವೇ ದೊಡ್ಡ ಲ್ಯಾಬಿಗೆ ಕಫ ಕೊಟ್ಟೆ. ವರದಿ ತಡವಾಗುತ್ತದೆ ಎಂದರು.

ಭಾನುವಾರ ಹಜೀರಾದ ನಾಮಕರಣದಲ್ಲಿ ಪಕ್ಕದ ಮನೆಯ ಗುಜರಾತಿ ಬೆನ್ ಸೋದರತ್ತೆಯ ಜಾಗದಲ್ಲಿ ನಿಂತು, ಚೀಟಿ ನೋಡಿಕೊಂಡು, ನಾನು ಆರಿಸಿದ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಿದರು. ನಾನು ಅದನ್ನು ಫೋನಿನಲ್ಲಿ ನೋಡಿದೆ. ಗುದ್ದುಗಳೆಲ್ಲ ಅವರ ಬೆನ್ನಿಗೇ ಬಿದ್ದವು. ಹೊಟ್ಟೆಕಿಚ್ಚಿಗೆ ಅತ್ತೂಬಿಟ್ಟೆ.

ಲ್ಯಾಬಿನ ವರದಿ ಬಂದದ್ದು ಅದಾದ ಎಂಟು ದಿನಕ್ಕೆ. ರೋಗವಿಲ್ಲ. ಬರೀ ಕೆಮ್ಮು.

ಆವತ್ತೇ ಹಳೆಯ ಫೈಲ್ ತೆರೆದೆ. ಹೊರಬಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆತಂದು, "ಗೊತ್ತಾಗಲಿಲ್ಲ" ಎಂಬ ಬೇರೆಯೇ ಕಾಲಮಿನಲ್ಲಿ ಕೂರಿಸಿದೆ. ಕಿಟ್‌ನ ಅಂಕ ಇಳಿದು ಮುಖ ಸಪ್ಪಗಾಯಿತು. ಸಾಹೇಬರು ಕನ್ನಡಕ ಏರಿಸಿ, ಇದು ಯಾರ ಕಾಲಮ್ ಎಂಬಂತೆ ಅದರ ಮೇಲೆ ಬೆರಳಿಟ್ಟರು.

"ಯೇ ನಯಾ ಕಾಲಮ್ ಕಿಸ್ಕಾ ಹೈ, ಬೆನ್?"

"ಮೇರಾ ಹೈ, ಸಾಬ್," ಎಂದೆ.