ಕೆರೆಯಂಗಳದಲ್ಲಿ ಮೂರು ಸುತ್ತು

ನನ್ನ ಷಡ್ಡಕನ ಕಾರು ನನ್ನ ಕಾರಿಗಿಂತ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ನಾನು ಮಾಡಿದ್ದಕ್ಕೆಲ್ಲ ಅದೇ ಮೂಲ. ನನ್ನದು ಬೆಂಗಳೂರಿನ ಡಾಕ್ಟರೊಬ್ಬರು ಹತ್ತು ವರ್ಷ ಓಡಿಸಿ ಮಾರಿದ ಕಪ್ಪು ಕಾರು. ಬೆಳಗಿನ ಹೊತ್ತು ಹ್ಯಾಂಡಲ್ ಹಾಕಿ ತಿರುಗಿಸದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಸಾಗಿಸಿ ಸಾಗಿಸಿ ಹಿಂದಿನ ಸೀಟಿಗೆ ಗೂಡಿನ ವಾಸನೆ ಹಿಡಿದಿತ್ತು. ನನ್ನ ಹೆಂಡತಿಯ ತಂಗಿಯನ್ನು ಮದುವೆಯಾಗಿದ್ದ ಗೌರಿಬಿದನೂರಿನವನದ್ದು ಹೊಸ ಕಾರು, ಕೆನೆ ಬಣ್ಣದ್ದು. ಅವನು ಬಂದರೆ ಮಾವನವರು ಜಗಲಿಯಿಂದ ಇಳಿದು ಬಂದು ಕಾರಿನ ಬಾಗಿಲು ತೆಗೆಯುತ್ತಿದ್ದರು. ನಾನು ಚಿಕ್ಕಬಳ್ಳಾಪುರದಿಂದ ಧೂಳು ಕುಡಿದು ಬಂದರೆ ಕುಳಿತಲ್ಲಿಂದಲೇ "ಬಂದ್ರಾ" ಅನ್ನುತ್ತಿದ್ದರು. ಅವನಿಗಿಂತ ಒಂಬತ್ತು ವರ್ಷ ಮೊದಲು ಆ ಮನೆಯ ಅಳಿಯನಾದವನು ನಾನು.

ಅರವತ್ತರ ದಶಕದ ಶುರುವಿನ ಒಂದು ಬೇಸಿಗೆ. ಚಿಂತಾಮಣಿ ಸೀಮೆಯಲ್ಲಿ ಕಾರು ಇಟ್ಟುಕೊಂಡಿದ್ದ ಹತ್ತು ಹನ್ನೆರಡು ಮಂದಿ ಸೇರಿ, ಕೆಂಚಾರ್ಲಹಳ್ಳಿ ಕಡೆಯ ಒಂದು ಕೆರೆಯಲ್ಲಿ ಕಾರು ಓಟ ಇಟ್ಟುಕೊಂಡರು. ನೀರು ಬತ್ತಿ ಕೆರೆಯಂಗಳ ಗಟ್ಟಿಯಾಗಿತ್ತು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ತಿರುವುಗಳಲ್ಲಿ ಗುರುತಿಗೆ ಬಿದಿರಿನ ಮಂಕರಿ ಬೋರಲು ಹಾಕಿದ್ದರು. ಇಬ್ಬಿಬ್ಬರು ಒಟ್ಟಿಗೆ ಹೊರಡಬೇಕು, ಮೂರು ಸುತ್ತು ಹೊಡೆಯಬೇಕು. ಆ ಸೀಮೆಯ ಅಳಿಯಂದಿರೆಂದು ನಮ್ಮಿಬ್ಬರನ್ನೂ ಕರೆದಿದ್ದರು. ಬಹುಮಾನವೇನೂ ಇರಲಿಲ್ಲ. ಆದರೆ ಮಾವನವರು ನೋಡಲು ಬರುತ್ತಾರೆಂದು ತಿಳಿದಾಗಿನಿಂದ ನನಗೆ ಊಟ ಸೇರಲಿಲ್ಲ. ಒಂದೇ ಒಂದು ಸಲ, ಅವರ ಕಣ್ಣೆದುರಿಗೆ, ನಾನು ಆ ಕೆನೆ ಬಣ್ಣದ ಕಾರನ್ನು ಹಿಂದೆ ಹಾಕಬೇಕಿತ್ತು.

ಹಿಂದಿನ ದಿನವೇ ಇಬ್ಬರೂ ಮಾವನ ಮನೆ ಸೇರಿದ್ದೆವು. ಬೆಳಗ್ಗೆ ಅತ್ತೆ ಎರಡು ಕಾರಿಗೂ ಪೂಜೆ ಮಾಡಿದರು. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಮೂತಿಗೆ ಮಾವಿನ ಸೊಪ್ಪು ಮತ್ತು ಚೆಂಡುಹೂವಿನ ಹಾರ. ನನ್ನ ಕಾರಿಗೆ ಒಂದೆಳೆ. ಅವನದಕ್ಕೆ ಎರಡೆಳೆ, ಅದೂ ತೋಳು ದಪ್ಪದ್ದು. ನನ್ನ ಮುಖ ನೋಡಿದ ಹೆಂಡತಿ ಪಕ್ಕಕ್ಕೆ ಕರೆದಳು.

"ಹೂವು ಸಾಲ್ದೆ ಬಂತು ಕಣ್ರೀ. ಅದಕ್ಕೂ ಮುಖ ಊದಿಸ್ಕೋಬೇಡಿ."

"ನಾನೇನಂದೆ?"

"ನೀವನ್ನೋದೇ ಬೇಡ, ಊರಿಗೆಲ್ಲ ಕಾಣ್ತದೆ" ಅಂದಳು.

ಅತ್ತೆಯದೊಂದು ಕಟ್ಟಳೆ. ಪೂಜೆಯ ಹೂವು ತಾನಾಗಿ ಒಣಗಿ ಉದುರುವವರೆಗೆ ಯಾರೂ ಮುಟ್ಟಬಾರದು. ಆದರೆ ಹಿಂದಿನ ಆಯುಧಪೂಜೆಯ ಮರುದಿನ, ಅಂಥದೇ ಹಾರ ಹೊತ್ತು ಗೂಡು ತುಂಬಿಕೊಂಡು ಹೊರಟಿದ್ದ ನನ್ನ ಕಾರು ಅರ್ಧ ದಾರಿಯಲ್ಲಿ ಕುದಿದು ನಿಂತಿತ್ತು. "ಮೂಗು ಮುಚ್ಚಿದ್ರೆ ಉಸಿರಾಡೋದು ಹೆಂಗೆ ಸ್ವಾಮಿ? ರೇಡಿಯೇಟರಿಗೆ ಗಾಳಿ ಬೇಡ್ವಾ?" ಎಂದು ಮೆಕ್ಯಾನಿಕ್ ಬೈದಿದ್ದ. ಹಾಗಾಗಿ ಊರು ದಾಟಿದ ಕೂಡಲೇ ಕಾರು ನಿಲ್ಲಿಸಿ, ಮನಸ್ಸಿನಲ್ಲೇ ಅತ್ತೆಗೆ ಕೈಮುಗಿದು, ಹಾರ, ಸೊಪ್ಪು ಎರಡನ್ನೂ ಬಿಚ್ಚಿ ಹಿಂದಿನ ಸೀಟಿನಲ್ಲಿಟ್ಟೆ.

ಕೆರೆ ತಲುಪಿದಾಗ ಅವನ ಕಾರಿನ ಮೂತಿಯ ಮೇಲೆ ಎರಡೆಳೆಯೂ ಇದ್ದಂತೆಯೇ ಇದ್ದವು. ಗಾಳಿ ನುಸುಳಲು ಸಂದಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಲಿಗೆ ತುದಿಗೂ ಬಂದಿತ್ತು. ಅಷ್ಟರಲ್ಲಿ ಮಾವನವರು ಅವನ ಕಾರಿನಿಂದ ಇಳಿದು, ಬಾನೆಟ್ಟಿನ ಧೂಳನ್ನು ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದಲೇ ಒರೆಸಿದರು. ನಾನು ಮಾತು ನುಂಗಿಕೊಂಡೆ.

ಚೀಟಿ ಎತ್ತಿದಾಗ ನಮ್ಮಿಬ್ಬರದೇ ಜೋಡಿ ಬಿತ್ತು. ಮಾವನವರು, ಅವರ ಜೊತೆಗೇ ಬಂದಿದ್ದ ನನ್ನ ಹೆಂಡತಿ, ನೋಡಲು ಬಂದ ಜನ ಎಲ್ಲ ಕೆರೆಕಟ್ಟೆಯ ಮೇಲೆ ನಿಂತಿದ್ದರು. ಟೂರಿಂಗ್ ಟಾಕೀಸಿನ ಮಾಲೀಕರು ಕರವಸ್ತ್ರ ಬೀಸಿದರು. ಮೊದಲ ಎರಡು ಸುತ್ತು ಅವನೇ ಮುಂದೆ. ಅವನೆಬ್ಬಿಸಿದ ಧೂಳೆಲ್ಲ ನನ್ನ ಬಾಯಿಗೆ. ಅವನನ್ನೂ, ಅವನಿಗೆ ಕಾರು ಕೊಡಿಸಿದ ಅವನಪ್ಪನನ್ನೂ ಬೈಯುತ್ತಾ ಓಡಿಸಿದೆ. ಮೂರನೆಯ ಸುತ್ತಿನಲ್ಲಿ ಅವನ ಬಾನೆಟ್ಟಿನಿಂದ ಬಿಳಿ ಹಬೆ ಎದ್ದಿತು. ತೂಬಿನ ಹತ್ತಿರದ ತಿರುವಿನಲ್ಲಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದುಬಿಟ್ಟ. ನಾನು ವೇಗ ಕಡಿಮೆ ಮಾಡಲಿಲ್ಲ. ಹಿಂದಿನ ಚಕ್ರ ಜಾರಿತು. ಸ್ಟೀರಿಂಗನ್ನು ಎದುರು ದಿಕ್ಕಿಗೆ ಎಳೆದು ಹಿಡಿದು, ಮಂಕರಿಗೆ ಒಂದು ಚೂರೂ ಸೋಕದ ಹಾಗೆ ಹಾದುಹೋದೆ. ಅದಕ್ಕೆ ಮೊದಲು ಅಷ್ಟು ಚೆನ್ನಾಗಿ ಕಾರು ಓಡಿಸಿದ್ದಿಲ್ಲ, ಆಮೇಲೂ ಓಡಿಸಲಿಲ್ಲ.

ಗೆರೆ ದಾಟಿ ಬ್ರೇಕ್ ಒತ್ತಿ ಕೆರೆಕಟ್ಟೆಯ ಕಡೆ ನೋಡಿದೆ. ಒಬ್ಬರೂ ಇರಲಿಲ್ಲ. ಮಾವನವರ ಕೊಡೆ ಬೋರಲು ಬಿದ್ದಿತ್ತು. ಎಲ್ಲರೂ ತೂಬಿನ ಕಡೆ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ "ನೀಳ್ಳು, ನೀಳ್ಳು ತೇಂಡಿ" ಎಂದು ನೀರಿಗಾಗಿ ತೆಲುಗಿನಲ್ಲಿ ಕೂಗುತ್ತಾ ಮಾವನವರು, ಅವರ ಹಿಂದೆಯೇ ಬಿಂದಿಗೆ ಹಿಡಿದ ನನ್ನ ಹೆಂಡತಿ. ಕರವಸ್ತ್ರ ಬೀಸಿದ ಮಾಲೀಕರೂ ಓಡಿದ್ದರು.

ಕಾರು ತಿರುಗಿಸಿಕೊಂಡು ನಾನೂ ಹೋದೆ. ಬೆಂದ ಚೆಂಡುಹೂವಿನ ವಾಸನೆ ಹೊಡೆಯುತ್ತಿತ್ತು. ಮಾವನವರು ಟವೆಲ್ಲಿನಿಂದ ಅವನಿಗೆ ಗಾಳಿ ಹಾಕುತ್ತಾ ನನ್ನ ಕಡೆ ತಿರುಗಿದರು. "ನಿಮ್ದು ಎಷ್ಟು ಸುತ್ತಾಯ್ತು?" ಎಂದು ಕೇಳಿದರು.

ನನಗಿಂತ ಮೊದಲು ಅವನೇ ಹೇಳಿದ: "ಮೂರೂ ಮುಗಿಸಿದ್ರು ಮಾವ, ಗೆದ್ದೋರೂ ಅವ್ರೇ. ನಾನು ಇಲ್ಲೇ ನಿಂತು ನೋಡ್ದೆ. ಅಣ್ಣ, ಆ ತಿರುವಲ್ಲಿ ಹೆಂಗೆ ಹಿಡಿದ್ರಿ? ನಂಗೂ ಒಂದಿನ ಕಲಿಸ್ಕೊಡಿ." ಮಾತಾಡುತ್ತಲೇ ಅವನ ಕಣ್ಣು ನನ್ನ ಕಾರಿನ ಬೋಳು ಮೂತಿಯ ಮೇಲೆ ಒಂದು ಗಳಿಗೆ ನಿಂತಿತು. ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಾವನವರು ಅವನ ಬೆನ್ನು ಸವರಿದರು. "ನೋಡಿ, ಸೋತ್ರೂ ಇನ್ನೊಬ್ರನ್ನ ಹೊಗಳ್ತಾರೆ ನಮ್ಮ ಚಿಕ್ಕಳಿಯಂದ್ರು. ಎಂಥಾ ಮನಸ್ಸು!" ಎಂದು ಸುತ್ತ ನಿಂತವರಿಗೆಲ್ಲ ಹೇಳಿದರು. ಎಲ್ಲರೂ ಹೌದು ಹೌದೆಂದರು. ನನ್ನ ಹೆಂಡತಿಯೂ ತಲೆಯಾಡಿಸಿದಳು. ನನ್ನ ಗೆಲುವಿಗೆ ಸಿಕ್ಕಿದ ಹೊಗಳಿಕೆಯೂ ಅವನ ಪಾಲಿಗೇ ಹೋಯಿತು, ಮತ್ತು ಆ ಹೊಗಳಿಕೆ ಅವನಿಗೆ ಸಲ್ಲಬೇಕಾದದ್ದೇ ಎಂದು ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ನಾನು.