ದೇವೀರಪ್ಪನವರಿಗೆ ಬೇಡವಾದ ರೀಲು

ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತರೀಕೆರೆಯಿಂದ ಬರುವ ಮೊದಲ ಬಸ್ಸು ಬೇಗ ಬರಲಿ ಎಂದು ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದಾರೆ. ಟೆಂಟ್ ಸಿನಿಮಾದ ದೇವೀರಪ್ಪ ಒಬ್ಬರು ಮಾತ್ರ ಅದು ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದಾರೆ. ಬಸ್ಸಿನಲ್ಲಿ ಒಂದು ರೀಲು ಬರುತ್ತಿದೆ. ಅದನ್ನು ಇಳಿಸಿ ಟೆಂಟಿಗೆ ಹೊರಬೇಕಾದವರೂ ಅವರೇ.

"ಬರ್ದೇ ಇದ್ರೆ ಒಳ್ಳೇದು ಕಣ್ರೀ. ನನ್ ಕಥೆ ಇನ್ನೊಂದಿನ ಓಡೋದು," ಎಂದು ಪಕ್ಕದಲ್ಲಿ ನಿಂತ ನನಗೆ ಹೇಳಿ ಬೀಡಿ ಹಚ್ಚುತ್ತಾರೆ.

ಇಂಗ್ಲಿಷ್ ಚಿತ್ರ ಬಂದಾಗ ಪರದೆಯ ಪಕ್ಕ ಮೈಕು ಹಿಡಿದು ಕನ್ನಡದಲ್ಲಿ ಕಥೆ ಹೇಳುವುದು ಇವರ ಕೆಲಸ. ಇಂಗ್ಲಿಷ್ ಒಂದಕ್ಷರವೂ ಬಾರದು. ಮುಖ ನೋಡಿ ಮಾತು ಹೊಂದಿಸುತ್ತಾರೆ, ಅಷ್ಟೇ. ಹುಟ್ಟಿದ್ದು ಹಿರೇನಲ್ಲೂರಿನಲ್ಲಿ. ಹರೆಯದಲ್ಲಿ ನಾಟಕ ಕಂಪನಿ ಸೇರಿ ವರ್ಷಗಟ್ಟಲೆ ಪರದೆ ಎಳೆದರು, ಮಾತಿರುವ ಪಾರ್ಟು ಒಂದೂ ಸಿಗಲಿಲ್ಲ. "ಚಪ್ಪಾಳೆ ಎಲ್ಲಾ ಅವ್ರಿಗೇ ಬೀಳೋದು. ನಾನು ಹಗ್ಗ ಹಿಡ್ಕಂಡು ಉರ್ಕಳ್ತಿದ್ದೆ," ಎನ್ನುವಾಗ ಈಗಲೂ ದನಿಯಲ್ಲಿ ಆ ಉರಿ ಇದೆ.

ಎರಡೇ ದಿನಕ್ಕೆಂದು ಬಂದ ಈ ವಾರದ ಚಿತ್ರದಲ್ಲಿ ಗಣಿಯ ಕೂಲಿಯೊಬ್ಬ ಕಬ್ಬಿಣವನ್ನು ಬರಿಗೈಯಲ್ಲಿ ಬಗ್ಗಿಸುವ ಮಹಾವೀರನಾಗುತ್ತಾನೆ. ಮೊದಲ ರೀಲಿನ ಕೊನೆಗೆ ಗಣಿ ಕುಸಿದು ಅವನು ಹೂತುಹೋಗುತ್ತಾನೆ. ಶಕ್ತಿ ಬರುವುದು ಎರಡನೆಯ ರೀಲಿನಲ್ಲಿ, ಆದರೆ ಅದು ತರೀಕೆರೆಯ ಟೆಂಟಿನಲ್ಲೇ ಉಳಿದುಬಿಟ್ಟಿತ್ತು. ನಿನ್ನೆ ಸಂಜೆ ಆಪರೇಟರ್ ಉಗ್ರಪ್ಪ ದೀಪ ಹಾಕಿ, "ಲೇ ದೇವೀರಪ್ಪ, ಏನಾರ ಹೇಳು, ಜನ ಎದ್ದೋಯ್ತಾರೆ!" ಎಂದು ಕೂಗಿದರು.

ದೇವೀರಪ್ಪ ಹೇಳಿದರು. ಕೂಲಿಯವನ ತಾಯಿ ಬುತ್ತಿ ಹೊತ್ತು ಗಣಿಯ ಬಾಯಿಗೆ ಬರುತ್ತಾಳೆ. ಮಣ್ಣಿಗೆ ಬಾಯಿಟ್ಟು ಮಗನ ಹೆಸರು ಕರೆಯುತ್ತಲೇ ಇರುತ್ತಾಳೆ. ಆ ದನಿ ಹಿಡಿದು ಅವನು ಕಬ್ಬಿಣದ ತೊಲೆಗಳನ್ನು ಬಗ್ಗಿಸುತ್ತಾ ಮೇಲೆ ಬರುತ್ತಾನೆ. ಖಾಲಿ ಪರದೆ ನೋಡುತ್ತಾ ಇಡೀ ಟೆಂಟು ಅತ್ತಿತು. ಜನರ ನಡುವೆ ಕೂತಿದ್ದ, ಕಥೆ ಬರೆದು ಅಚ್ಚು ಹಾಕಿಸುವ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ನನ್ನ ಕಥೆಗೆ ನನ್ನ ಮನೆಯವಳೂ ಅತ್ತಿದ್ದಿಲ್ಲ.

ಬಸ್ಸು ಬರುತ್ತದೆ. ಹಾಳಾದದ್ದು, ಹೊತ್ತಿಗೆ ಸರಿಯಾಗಿ.

ಸಂಜೆ ಆ ರೀಲು ಓಡುತ್ತದೆ. ಅದರಲ್ಲಿ ತಾಯಿಯೂ ಇಲ್ಲ, ಬುತ್ತಿಯೂ ಇಲ್ಲ. ಹೂತುಹೋದವನ ಕೈಗೆ ಹೊಳೆಯುವ ನೀಲಿ ಕಲ್ಲೊಂದು ತಾಗುತ್ತದೆ. ದೇವೀರಪ್ಪ ಪರದೆಯನ್ನು ಸವತಿಯನ್ನು ನೋಡುವಂತೆ ನೋಡುತ್ತಾರೆ. "ಕಲ್ಲು ಮುಟ್ದ. ಶಕ್ತಿ ಬಂತು," ಎಂದವರೇ ಮೈಕು ಕೆಳಗಿಡುತ್ತಾರೆ.

ಮುಂದಿನ ರೀಲಿನಲ್ಲಿ ಸಂತೆಯ ದೃಶ್ಯ. ತರಕಾರಿ ಮಾರುವ ಮುದುಕಿಯೊಬ್ಬಳು ಒಂದು ಗಳಿಗೆ ಕಾಣಿಸುತ್ತಾಳೆ. ಹೆಂಗಸರ ಕಡೆಯಿಂದ, ನಿನ್ನೆಯೂ ಬಂದಿದ್ದ ದೇವನೂರಿನ ಮೀನಾಕ್ಷಮ್ಮ ಎದ್ದು ನಿಲ್ಲುತ್ತಾರೆ. "ಅಗೋ, ಅವ್ನವ್ವ! ನೋಡ್ರೇ, ಮಗನ್ನ ಹುಡುಕ್ಕಂಡು ಬಂದವಳೆ!"

"ಯಾವ ಅವ್ವ? ಕಲ್ಲಲ್ವಾ?" ಎನ್ನುತ್ತಾರೆ ಹೊಸಬರು.

"ಕಲ್ಲಂತೆ ಕಲ್ಲು! ನಿನ್ನೆ ನಾವೇ ನೋಡಿಲ್ವಾ? ಹೇಳಪ್ಪಾ ದೇವೀರಪ್ಪ, ಇವ್ರಿಗೂ ಹೇಳು."

ನಿನ್ನೆ ಯಾರೂ ಏನನ್ನೂ ನೋಡಿರಲಿಲ್ಲ. ದೇವೀರಪ್ಪ ಮೈಕು ಎತ್ತಿಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಅದೇ ನಿಲ್ದಾಣ. ಆಟ ಮುಗಿದ ಆ ರೀಲಿನ ಡಬ್ಬಿಯನ್ನು ವಾಪಸ್ಸು ಬಸ್ಸಿಗೇರಿಸುತ್ತಿರುವ ದೇವೀರಪ್ಪ ಅದನ್ನು ಎಸೆಯುವುದಿಲ್ಲ. ಟವೆಲ್ಲಿನಿಂದ ಧೂಳು ಒರೆಸಿ, ಸೀಟಿನ ಕೆಳಗೆ ಅಲುಗಾಡದಂತೆ ಇಡುತ್ತಾರೆ.

"ಪಾಪ ಕಣ್ರೀ," ಎನ್ನುತ್ತಾರೆ ನನಗೆ. "ಇದ್ಕೆ ಅವ್ವನೇ ಇಲ್ಲ."